ಎರಡು ಹಾಡು, ಒಂದು ಲಯ
ಅಲ್ಪ ಹಣದಲ್ಲಿ ಡಿ.ಜೆ. ಉಪಕರಣಗಳನ್ನು ಆರಿಸುವ ಬಗೆ

'ಡಿ.ಜೆ.' ಎಂಬ ಹೆಸರನ್ನು ಇಂದು ನಮ್ಮ ನಾಡಿನಲ್ಲಿ ಕೇಳದವರು ವಿರಳ. ಗಣೇಶನ ಮೆರವಣಿಗೆಯಲ್ಲಿ ವಾಹನದ ಮೇಲೆ ಗೋಡೆಯಂತೆ ಪೇರಿಸಿಟ್ಟ ಧ್ವನಿವರ್ಧಕಗಳಿಗೇ ಜನರು ಆ ಹೆಸರನ್ನು ಕೊಟ್ಟುಬಿಟ್ಟಿದ್ದಾರೆ. ಆದರೆ ಮೂಲದಲ್ಲಿ ಅದು ಮನುಷ್ಯನಿಗೆ ಸಂದ ಹೆಸರು. 'ಡಿಸ್ಕ್' ಎಂದರೆ ಹಾಡಿನ ತಟ್ಟೆ, 'ಜಾಕಿ' ಎಂದರೆ ಕುದುರೆಯ ಸವಾರ. ಅಮೆರಿಕದ ರೇಡಿಯೋ ನಿಲಯಗಳಲ್ಲಿ ಒಂದರ ಮೇಲೊಂದು ಧ್ವನಿಮುದ್ರಿಕೆಯನ್ನು ಹಾಕುತ್ತ ಕೇಳುಗರೊಡನೆ ಮಾತನಾಡುತ್ತಿದ್ದವರನ್ನು 'ಡಿಸ್ಕ್ ಜಾಕಿ' ಎಂದು ಕರೆದರು. ಅದರ ಮೊದಲಕ್ಷರಗಳೇ ಡಿ.ಜೆ. ಮುಂದೆ ಈ ಹೆಸರು ನೃತ್ಯಶಾಲೆಗಳಲ್ಲಿ ಹಾಡಿನಿಂದ ಹಾಡಿಗೆ ಎಡೆಬಿಡದೆ ಸಂಗೀತವನ್ನು ಹೆಣೆಯುವವರಿಗೂ ಸಂದಿತು.

ಈ ಹೆಣಿಗೆಯನ್ನು ಕಲಿಯಬೇಕೆಂಬ ಆಸೆ ಇಂದಿನ ಅನೇಕ ವಿದ್ಯಾರ್ಥಿಗಳಲ್ಲಿದೆ. ಅಂಗಡಿಗೆ ಹೋದರೆ ಬಣ್ಣದ ದೀಪಗಳೂ ಹತ್ತಾರು ಗುಂಡಿಗಳೂ ಉಳ್ಳ ಯಂತ್ರಗಳು ಸಾಲಾಗಿ ಕುಳಿತಿರುತ್ತವೆ. ಕೈಯಲ್ಲಿರುವ ಹಣವೋ ತಿಂಗಳುಗಟ್ಟಲೆ ಕೂಡಿಟ್ಟದ್ದು. ತಪ್ಪು ವಸ್ತುವನ್ನು ಕೊಂಡರೆ ಹಣವೂ ಹೋಯಿತು, ಕಲಿಯುವ ಉತ್ಸಾಹವೂ ಹೋಯಿತು. ಹಾಗಾದರೆ ಯಾವುದು ಅವಶ್ಯ, ಯಾವುದು ಅಲಂಕಾರ? ಇದಕ್ಕೆ ಉತ್ತರವನ್ನು ಕಂಡುಕೊಳ್ಳಬೇಕಾದರೆ ಡಿ.ಜೆ. ಮಾಡುವ ಕೆಲಸವೇನೆಂಬುದನ್ನು ಮೊದಲು ವಿಚಾರಿಸಬೇಕು.

ಲಯದ ಲೆಕ್ಕ

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರೊಡನೆ ಸೇರಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ಮೊದಲನೆಯದನ್ನು ಮೆಲ್ಲನೆ ಹಿಂದೆ ಸರಿಸುವುದೇ ಈ ಕಲೆಯ ಮೂಲಪಾಠ. ಕೇಳಲು ಸುಲಭವಾದ ಈ ಕೆಲಸ ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಲೆಕ್ಕದಿಂದ ತಿಳಿಯೋಣ.

ಮೊದಲನೆಯ ಹಾಡಿನಲ್ಲಿ ನಿಮಿಷಕ್ಕೆ ೧೨೦ ಬಡಿತಗಳು, ಎರಡನೆಯದರಲ್ಲಿ ೧೨೧ ಬಡಿತಗಳು ಇವೆ ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಣ ಕಾಲ ೫೦೦ ಮಿಲಿಸೆಕೆಂಡು. ಎರಡನೆಯದರಲ್ಲಿ ಸುಮಾರು ೪೯೬ ಮಿಲಿಸೆಕೆಂಡು. ಎರಡನ್ನೂ ಒಟ್ಟಿಗೆ ಆರಂಭಿಸಿದರೆ ಮೊದಲ ಕೆಲವು ಬಡಿತಗಳು ಒಂದಾಗಿಯೇ ಕೇಳಿಸುತ್ತವೆ. ಹತ್ತು ಬಡಿತಗಳಾಗುವಷ್ಟರಲ್ಲಿ ೪೦ ಮಿಲಿಸೆಕೆಂಡಿನ ಅಂತರ ಬಿದ್ದು, ಒಂದು ಪೆಟ್ಟು ಎರಡಾಗಿ ಸೀಳಿದಂತೆ ಕಿವಿಗೆ ತಿಳಿಯುತ್ತದೆ. ಅರ್ಧ ನಿಮಿಷದಲ್ಲಿ ಒಂದರ ಬಡಿತ ಇನ್ನೊಂದರ ಎರಡು ಬಡಿತಗಳ ನಟ್ಟನಡುವೆ ಬಂದು ಬೀಳುತ್ತದೆ. ನಿಮಿಷಕ್ಕೆ ಒಂದೇ ಒಂದು ಬಡಿತದ ಭೇದ ಮಾಡುವ ಅನರ್ಥವಿದು.

ಆದ್ದರಿಂದ ಹಾಡಿನ ವೇಗವನ್ನು ಅತಿ ನಯವಾಗಿ ಹೆಚ್ಚು ಕಡಮೆ ಮಾಡುವ ಅನುಕೂಲ ಬೇಕು. ನಿಮಿಷಕ್ಕೆ ೧೨೫ ಬಡಿತಗಳ ಹಾಡನ್ನು ೧೨೦ಕ್ಕೆ ಇಳಿಸಬೇಕಾದರೆ ವೇಗವನ್ನು ನೂರಕ್ಕೆ ೪ರಷ್ಟು ತಗ್ಗಿಸಬೇಕು. ತಟ್ಟೆಯನ್ನು ಹೀಗೆ ನಿಧಾನವಾಗಿ ತಿರುಗಿಸಿದಾಗ ಶ್ರುತಿಯೂ ಇಳಿಯುತ್ತದೆ. ಹಾರ್ಮೋನಿಯಮ್ಮಿನ ಪಕ್ಕಪಕ್ಕದ ಎರಡು ಮನೆಗಳ ಕಂಪನಸಂಖ್ಯೆಗಳಿಗೆ ಇರುವ ಭೇದ ನೂರಕ್ಕೆ ಸುಮಾರು ೬. ಎಂದರೆ ನೂರಕ್ಕೆ ೪ರಷ್ಟು ವೇಗ ತಗ್ಗಿದರೆ ಶ್ರುತಿಯು ಒಂದು ಸ್ವರಸ್ಥಾನದ ಮೂರರಲ್ಲಿ ಎರಡು ಪಾಲಿನಷ್ಟು ಇಳಿದಂತಾಯಿತು. ಇಂದಿನ ಗಣಕಯಂತ್ರದ ತಂತ್ರಾಂಶಗಳು ಶ್ರುತಿಯನ್ನು ಇದ್ದಲ್ಲೇ ನಿಲ್ಲಿಸಿ ಗತಿಯನ್ನು ಮಾತ್ರ ಬದಲಿಸಬಲ್ಲವು.

ಇಷ್ಟರಿಂದ ಡಿ.ಜೆ.ಗೆ ನಾಲ್ಕು ವಸ್ತುಗಳು ಅವಶ್ಯವೆಂದು ಸಿದ್ಧವಾಗುತ್ತದೆ: ಹಾಡು ಹೊರಡಿಸುವ ಎರಡು ಮೂಲಗಳು, ಅವೆರಡರ ವೇಗವನ್ನೂ ಬೇರೆ ಬೇರೆಯಾಗಿ ತಿದ್ದುವ ಸಾಧನ, ಎರಡನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುವ ಮಿಕ್ಸರ್, ಕೊನೆಯದಾಗಿ, ಸಭೆಗೆ ಕೇಳಿಸದಂತೆ ಮುಂದಿನ ಹಾಡನ್ನು ತಾನೊಬ್ಬನೇ ಕೇಳಿ ಹದಗೊಳಿಸಿಕೊಳ್ಳುವ ದಾರಿ. ಹೊಸದಾಗಿ ಕೊಳ್ಳುವವರು ಮರೆಯುವುದು ಈ ನಾಲ್ಕನೆಯದನ್ನೇ. ಇದರ ಮಹತ್ವ ತಿಳಿಯಲು ಇತಿಹಾಸದ ಪುಟವೊಂದನ್ನು ತೆರೆಯೋಣ.

ಮೆಟ್ಟಿಲ ದೀಪದ ಸ್ವಿಚ್ಚು

೧೯೬೯ರ ಸುಮಾರಿಗೆ ನ್ಯೂಯಾರ್ಕಿನಲ್ಲಿ, ಹಿಂದೆ ಚರ್ಚಾಗಿದ್ದ ಕಟ್ಟಡವೊಂದರಲ್ಲಿ, 'ಸ್ಯಾಂಕ್ಚುಅರಿ' ಎಂಬ ನೃತ್ಯಶಾಲೆ ನಡೆಯುತ್ತಿತ್ತು. ಅಲ್ಲಿ ಫ್ರಾನ್ಸಿಸ್ ಗ್ರಾಸೋ ಎಂಬವರು ಒಂದು ತಟ್ಟೆ ಸಭೆಗಾಗಿ ತಿರುಗುತ್ತಿರುವಾಗಲೇ ಮತ್ತೊಂದನ್ನು ಹೆಡ್‌ಫೋನಿನಲ್ಲಿ ಕೇಳಿ, ಎರಡರ ಬಡಿತಗಳನ್ನೂ ಒಂದುಗೂಡಿಸುವ ವಿಧಾನವನ್ನು ರೂಢಿಗೆ ತಂದರು. ೧೯೭೩ರ ಆಗಸ್ಟ್ ೧೧ರಂದು ಅದೇ ನಗರದ ಬ್ರಾಂಕ್ಸ್ ಭಾಗದಲ್ಲಿ, ಜಮೈಕದಿಂದ ಬಂದು ನೆಲಸಿದ್ದ ಕೂಲ್ ಹರ್ಕ್ ಎಂಬ ತರುಣರು ತಮ್ಮ ತಂಗಿ ಏರ್ಪಡಿಸಿದ ಕೂಟದಲ್ಲಿ ಹಾಡುಗಳನ್ನು ನುಡಿಸಿದರು. ಹಿಪ್-ಹಾಪ್ ಸಂಗೀತದ ಜನ್ಮದಿನವೆಂದು ಅನೇಕರು ಎಣಿಸುವುದು ಆ ದಿನವನ್ನೇ. ಜನ ಹೆಚ್ಚು ಮೆಚ್ಚಿ ಕುಣಿಯುವುದು ಹಾಡಿನ ನಡುವೆ ತಾಳವಾದ್ಯ ಮಾತ್ರ ನುಡಿಯುವ ಭಾಗಕ್ಕೆ ಎಂಬುದನ್ನು ಗಮನಿಸಿದ ಹರ್ಕ್, ಒಂದೇ ಧ್ವನಿಮುದ್ರಿಕೆಯ ಎರಡು ಪ್ರತಿಗಳನ್ನಿಟ್ಟು ಆ ಭಾಗವನ್ನೇ ಲಂಬಿಸುತ್ತಿದ್ದರು.

ಈ ಪದ್ಧತಿಯನ್ನು ಕರಾರುವಾಕ್ಕಾದ ತಂತ್ರವನ್ನಾಗಿ ಬೆಳೆಸಿದವರು ಜೋಸೆಫ್ ಸ್ಯಾಡ್ಲರ್. ಜಗತ್ತು ಬಲ್ಲ ಹೆಸರು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಷ್. ೧೯೫೮ರಲ್ಲಿ ಬಾರ್ಬಡೋಸ್ ದ್ವೀಪದಲ್ಲಿ ಹುಟ್ಟಿ ಬ್ರಾಂಕ್ಸ್‌ನಲ್ಲಿ ಬೆಳೆದ ಇವರು ವೃತ್ತಿಶಿಕ್ಷಣದ ಪ್ರೌಢಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುತ್ತಿದ್ದ ಹುಡುಗ. ತಾಳದ ಭಾಗ ಎಲ್ಲಿ ಆರಂಭವಾಗುತ್ತದೆಂಬುದನ್ನು ಸಭೆಗೆ ತಿಳಿಯದಂತೆ ಮೊದಲೇ ಕೇಳಿಕೊಳ್ಳಬೇಕಾಗಿತ್ತು. ಇವರ ಬಳಿಯಿದ್ದ ಮಿಕ್ಸರಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲ. ಆಗ ಇವರು ಮಾಡಿದ್ದೇನು? ಒಂದು ತಂತಿಯನ್ನು ಎರಡು ತಂತಿಗಳ ಪೈಕಿ ಬೇಕಾದುದಕ್ಕೆ ಸೇರಿಸುವ ಸಾಧಾರಣ ಸ್ವಿಚ್ಚೊಂದನ್ನು ತಂದು ಮಿಕ್ಸರಿನ ಮೇಲೆ ಅಂಟಿಸಿದರು. ನಮ್ಮ ಮನೆಗಳಲ್ಲಿ ಮೆಟ್ಟಿಲಿನ ದೀಪವನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಚ್ಚಿ ಆರಿಸಲು ಹಾಕುವ ಸ್ವಿಚ್ಚು ಇದೇ ಜಾತಿಯದು. ಹೆಡ್‌ಫೋನನ್ನು ನುಡಿಸುವಷ್ಟು ಮಾತ್ರ ಶಕ್ತಿಯುಳ್ಳ ಚಿಕ್ಕ ಆಂಪ್ಲಿಫೈಯರನ್ನು ಅದಕ್ಕೆ ಜೋಡಿಸಿದರು. ಸ್ವಿಚ್ಚನ್ನು ಒಂದು ಕಡೆ ಸರಿಸಿದರೆ ಎಡಗಡೆಯ ತಟ್ಟೆ ಕೇಳಿಸಿತು. ಇನ್ನೊಂದು ಕಡೆ ಸರಿಸಿದರೆ ಬಲಗಡೆಯದು. ಮಕ್ಕಳು ಮರೆಯಿಂದ ಇಣುಕಿ ನೋಡುವ ಆಟದ ಹೆಸರಿನಿಂದ ಇದನ್ನು 'ಪೀಕಬೂ ಪದ್ಧತಿ' ಎಂದು ಕರೆದರು.

ಹಣವಿಲ್ಲದ ಆ ವಿದ್ಯಾರ್ಥಿ ತನ್ನಲ್ಲಿದ್ದ ಅಲ್ಪ ಸಾಮಗ್ರಿಯನ್ನು ಎಲ್ಲಿ ವಿನಿಯೋಗಿಸಿದನೆಂಬುದನ್ನು ವಾಚಕರು ಗಮನಿಸಬೇಕು. ಆ ಸ್ವಿಚ್ಚಿನಿಂದ ಹಾಡಿನ ಶಬ್ದ ಹೆಚ್ಚಲಿಲ್ಲ, ಹೊಳಪೂ ಬರಲಿಲ್ಲ. ಮುಂದೆ ಬರುವುದನ್ನು ಮೊದಲೇ ಕೇಳುವ ಶಕ್ತಿ ಮಾತ್ರ ಬಂತು. ಇಂದಿಗೂ ಉಪಕರಣ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ ಇದೇ: 'ಸಭೆಗೆ ಒಂದು ಹಾಡು, ನನ್ನ ಕಿವಿಗೆ ಮತ್ತೊಂದು, ಇವೆರಡನ್ನೂ ಏಕಕಾಲದಲ್ಲಿ ಈ ಯಂತ್ರ ಕೊಡಬಲ್ಲದೇ?'

ತಟ್ಟೆಯೋ, ಗಣಕಯಂತ್ರವೋ?

ಹಳೆಯ ಸಂಪ್ರದಾಯದಂತೆ ಎರಡು ಟರ್ನ್‌ಟೇಬಲ್‌ಗಳಿಂದಲೇ ಆರಂಭಿಸಬೇಕೆಂಬ ಅಭಿಪ್ರಾಯವುಂಟು. ಟರ್ನ್‌ಟೇಬಲ್‌ಗಳಲ್ಲಿ ಎರಡು ವಿಧ. ಒಂದರಲ್ಲಿ ಮೋಟಾರಿನ ಚಲನೆ ರಬ್ಬರ್ ಪಟ್ಟಿಯ ಮೂಲಕ ತಟ್ಟೆಗೆ ಬರುತ್ತದೆ. ಇದು ಅಗ್ಗ. ಆದರೆ ಕೈಯಿಂದ ತಟ್ಟೆಯನ್ನು ತಡೆದು ಬಿಟ್ಟಾಗ ಪಟ್ಟಿ ಜಾರುತ್ತದೆ, ವೇಗ ಕೂಡಲೇ ಸ್ಥಿರವಾಗುವುದಿಲ್ಲ. ಇನ್ನೊಂದರಲ್ಲಿ ಮೋಟಾರಿನ ಅಕ್ಷದ ಮೇಲೆಯೇ ತಟ್ಟೆ ಕುಳಿತಿರುತ್ತದೆ. ಜಪಾನಿನ ಮಾತ್ಸುಷಿತ ಸಂಸ್ಥೆ ೧೯೭೨ರಲ್ಲಿ ಹೊರತಂದ 'ಟೆಕ್ನಿಕ್ಸ್ ಎಸ್.ಎಲ್.-೧೨೦೦' ಈ ಬಗೆಯದು. ೧೯೭೯ರಲ್ಲಿ ಬಂದ ಅದರ ಎರಡನೆಯ ರೂಪದಲ್ಲಿ ಸ್ಫಟಿಕದ ಕಂಪನದಿಂದ ವೇಗವನ್ನು ನಿಯಂತ್ರಿಸುವ ವ್ಯವಸ್ಥೆಯಿದ್ದು, ನಿಂತ ತಟ್ಟೆ ೦.೭ ಸೆಕೆಂಡಿನಲ್ಲಿ ನಿಮಿಷಕ್ಕೆ ೩೩⅓ ಸುತ್ತಿನ ಪೂರ್ಣವೇಗವನ್ನು ಪಡೆಯುತ್ತಿತ್ತು. ಸರಿಸುವ ಗುಂಡಿಯೊಂದರಿಂದ ವೇಗವನ್ನು ನೂರಕ್ಕೆ ೮ರವರೆಗೆ ಏರಿಸಲೂ ಇಳಿಸಲೂ ಬರುತ್ತಿತ್ತು. ಡಿ.ಜೆ.ಗಳು ದಶಕಗಳ ಕಾಲ ಇದನ್ನೇ ಮೆಚ್ಚಿದ್ದು ಸಕಾರಣವಾಗಿಯೇ ಇದೆ.

ಆದರೆ ಅಂಥ ಯಂತ್ರಗಳು ಎರಡು ಬೇಕು, ಮಿಕ್ಸರ್ ಬೇರೆ ಬೇಕು, ಧ್ವನಿಮುದ್ರಿಕೆಗಳನ್ನು ಒಂದೊಂದಾಗಿ ಕೊಳ್ಳುತ್ತಲೇ ಇರಬೇಕು. ವಿದ್ಯಾರ್ಥಿಗೆ ಇದು ತಕ್ಕ ಹಾದಿಯಲ್ಲ. ರಬ್ಬರ್ ಪಟ್ಟಿಯ ಅಗ್ಗದ ಟರ್ನ್‌ಟೇಬಲ್‌ಗಳನ್ನು ಕೊಳ್ಳುವುದಂತೂ ಹಣವನ್ನು ನೀರಿಗೆ ಎಸೆದಂತೆ. ಮನೆಯಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್ ಇದ್ದರೆ, ಅದಕ್ಕೆ ಹೊಂದುವ ಎರಡು ಚಾನೆಲ್ಲಿನ ಚಿಕ್ಕ ಕಂಟ್ರೋಲರ್ ಸಾಕು. ಕೆಲವು ಮಾದರಿಗಳು ಮೊಬೈಲ್ ಫೋನಿಗೂ ಹೊಂದುತ್ತವೆ.

ಕಂಟ್ರೋಲರಿನ ಒಳಗುಟ್ಟು

ಕಂಟ್ರೋಲರ್ ತಾನಾಗಿ ಹಾಡುವುದಿಲ್ಲ. ಹಾಡು ಇರುವುದು ಗಣಕಯಂತ್ರದಲ್ಲಿ, ಅಂಕಿಗಳ ರೂಪದಲ್ಲಿ. ಒಂದು ಸೆಕೆಂಡಿನ ಸಂಗೀತಕ್ಕೆ ಸಾಮಾನ್ಯವಾಗಿ ಪ್ರತಿಯೊಂದು ಕಿವಿಗೂ ೪೪,೧೦೦ ಅಂಕಿಗಳು. ಕಂಟ್ರೋಲರಿನ ಚಕ್ರವನ್ನು ತಿರುಗಿಸಿದಾಗ, ಗುಂಡಿಯನ್ನು ಸರಿಸಿದಾಗ, 'ಇಷ್ಟು ತಿರುಗಿತು, ಇಷ್ಟು ಸರಿಯಿತು' ಎಂಬ ಸಂದೇಶ ಮಾತ್ರ ಗಣಕಯಂತ್ರಕ್ಕೆ ಹೋಗುತ್ತದೆ. ತಂತ್ರಾಂಶವು ಅದಕ್ಕನುಸಾರವಾಗಿ ಅಂಕಿಗಳನ್ನು ಬೇಗನೆಯೋ ನಿಧಾನವಾಗಿಯೋ ಓದಿ, ಎರಡು ಹಾಡುಗಳನ್ನು ಕೂಡಿಸುತ್ತದೆ. ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಗಳನ್ನಾಗಿ ಮಾರ್ಪಡಿಸುವ ಭಾಗಕ್ಕೆ 'ಸೌಂಡ್ ಕಾರ್ಡ್' ಎಂದು ಹೆಸರು.

ಕೊಳ್ಳುವವರು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಲ್ಯಾಪ್‌ಟಾಪಿನಲ್ಲಿ ಹೆಡ್‌ಫೋನಿಗಾಗಿ ಸಾಮಾನ್ಯವಾಗಿ ಇರುವುದು ಒಂದೇ ರಂಧ್ರ. ಅದರಿಂದ ಎಡ ಬಲ ಎರಡು ಕಾಲುವೆಗಳ ಒಂದು ಜೊತೆ ಮಾತ್ರ ಹೊರಡುತ್ತದೆ. ಸಭೆಗೆ ಒಂದು ಜೊತೆ, ಹೆಡ್‌ಫೋನಿಗೆ ಒಂದು ಜೊತೆ, ಒಟ್ಟು ನಾಲ್ಕು ಕಾಲುವೆಗಳು ಬೇಕಾದರೆ ಕಂಟ್ರೋಲರಿನಲ್ಲಿಯೇ ಸೌಂಡ್ ಕಾರ್ಡ್ ಅಡಗಿರಬೇಕು. ತೀರ ಅಗ್ಗದ ಕೆಲವು ಕಂಟ್ರೋಲರುಗಳಲ್ಲಿ ಅದು ಇರುವುದಿಲ್ಲ. ಅವುಗಳಲ್ಲಿ ಚಕ್ರಗಳಿವೆ, ದೀಪಗಳಿವೆ. ಹೆಡ್‌ಫೋನ್ ಸಿಕ್ಕಿಸುವ ಜಾಗ ಮಾತ್ರ ಇಲ್ಲ. ಆದ್ದರಿಂದ ಯಂತ್ರದ ಮೈಮೇಲೆ ಹೆಡ್‌ಫೋನಿಗೆ ಒಂದು, ಧ್ವನಿವರ್ಧಕಕ್ಕೆ ಬೇರೊಂದು ರಂಧ್ರವಿದೆಯೇ ಎಂಬುದನ್ನು ಕಣ್ಣಾರೆ ಕಂಡು, ಎರಡರಲ್ಲೂ ಬೇರೆ ಬೇರೆ ಹಾಡು ಕೇಳಿಸುವುದನ್ನು ಕಿವಿಯಾರೆ ಕೇಳಿಯೇ ಹಣ ಕೊಡಬೇಕು.

ಕಂಟ್ರೋಲರ್ ಕೊಳ್ಳುವಷ್ಟೂ ಹಣವಿಲ್ಲದವರು ಏನು ಮಾಡಬೇಕು? ಅವರಿಗೂ ಫ್ಲ್ಯಾಷ್ ಅವರ ಸ್ವಿಚ್ಚಿನಂಥ ಉಪಾಯವೊಂದುಂಟು. ಯು.ಎಸ್.ಬಿ. ರಂಧ್ರಕ್ಕೆ ಸಿಕ್ಕಿಸುವ, ಹೆಬ್ಬೆರಳಿನ ಗಾತ್ರದ ಸೌಂಡ್ ಕಾರ್ಡುಗಳು ಅಗ್ಗವಾಗಿ ಸಿಗುತ್ತವೆ. ೨೦೦೧ರಲ್ಲಿ ಆರಂಭವಾದ 'ಮಿಕ್ಸ್' ಎಂಬ ಡಿ.ಜೆ. ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಅದರಲ್ಲಿ ಸಭೆಯ ಧ್ವನಿಯನ್ನು ಲ್ಯಾಪ್‌ಟಾಪಿನ ರಂಧ್ರಕ್ಕೂ ಹೆಡ್‌ಫೋನಿನ ಧ್ವನಿಯನ್ನು ಈ ಚಿಕ್ಕ ಕಾರ್ಡಿಗೂ ಗೊತ್ತುಪಡಿಸಲು ಬರುತ್ತದೆ. ಕೀಲಿಮಣೆಯ ಗುಂಡಿಗಳಿಂದಲೇ ಹಾಡುಗಳನ್ನು ನಡೆಸಬಹುದು. ಇದು ಸಭೆಯಲ್ಲಿ ನುಡಿಸುವವರ ಸಾಧನವಲ್ಲ. ಆದರೆ ಈ ಕಲೆ ತಮಗೆ ಒಗ್ಗುವುದೇ ಎಂದು ಎರಡು ಮೂರು ತಿಂಗಳು ಪರೀಕ್ಷಿಸಿಕೊಳ್ಳುವವರಿಗೆ ಧಾರಾಳವಾಗಿ ಸಾಕು.

ಇನ್ನೊಂದು ವಿಷಯ, ವಿಳಂಬ. ಗಣಕಯಂತ್ರವು ಅಂಕಿಗಳನ್ನು ಒಂದು ಕಂತು ಶೇಖರಿಸಿಕೊಂಡು ಬಳಿಕ ಹೊರಗೆ ಕಳುಹಿಸುತ್ತದೆ. ಕಂತಿಗೆ ೫೧೨ ಅಂಕಿಗಳಾದರೆ ಸುಮಾರು ೧೨ ಮಿಲಿಸೆಕೆಂಡು ತಡವಾಗುತ್ತದೆ, ೨,೦೪೮ ಆದರೆ ೪೬ ಮಿಲಿಸೆಕೆಂಡು. ಮೊದಲನೆಯದು ಕೈಗೆ ತಿಳಿಯದು, ಎರಡನೆಯದು ತಿಳಿಯುತ್ತದೆ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನುಗಳಲ್ಲಿ ಈ ವಿಳಂಬ ಸಾಮಾನ್ಯವಾಗಿ ೧೦೦ ಮಿಲಿಸೆಕೆಂಡನ್ನು ಮೀರುತ್ತದೆ. ನಿಮಿಷಕ್ಕೆ ೧೨೦ ಬಡಿತಗಳ ಹಾಡಿನಲ್ಲಿ ಅದು ಒಂದು ಬಡಿತದ ಐದನೆಯ ಒಂದು ಪಾಲು. ಇಷ್ಟು ಹಿಂದೆ ಬಿದ್ದ ಧ್ವನಿಯನ್ನು ಕೇಳಿ ಲಯವನ್ನು ಕೂಡಿಸುವುದು ಅಸಾಧ್ಯ. ಆದಕಾರಣ ಹೆಡ್‌ಫೋನಿಗೂ ಧ್ವನಿವರ್ಧಕಕ್ಕೂ ತಂತಿಯೇ ಇರಲಿ.

ಬೆರೆಸುವ ಗುಂಡಿಗಳು

ಮಿಕ್ಸರ್ ಭಾಗದಲ್ಲಿ ಪ್ರತಿ ಹಾಡಿಗೂ ಧ್ವನಿಯ ಪ್ರಮಾಣವನ್ನು ಬದಲಿಸುವ ಸರಿಗುಂಡಿಯೊಂದು, ಮಂದ್ರ, ಮಧ್ಯ, ತಾರ ಎಂಬ ಮೂರು ಭಾಗಗಳನ್ನು ಪ್ರತ್ಯೇಕವಾಗಿ ತಗ್ಗಿಸುವ ತಿರುಗುಂಡಿಗಳು ಮೂರು ಇರಬೇಕು. ಒಂದೇ ತಿರುಗುಂಡಿ ಇರುವ ಯಂತ್ರವನ್ನು ಬಿಡುವುದು ಲೇಸು. ಏಕೆಂದರೆ ಎರಡು ಹಾಡುಗಳ ದೊಡ್ಡ ಮದ್ದಳೆಗಳು ಒಂದೇ ಕ್ಷಣದಲ್ಲಿ ಬಡಿದಾಗ ಅವುಗಳ ಅಲೆಗಳು ಒಂದರ ಮೇಲೊಂದು ಕೂಡುತ್ತವೆ. ಸಮಾನವಾದ ಎರಡು ಅಲೆಗಳು ಸರಿಯಾಗಿ ಕೂಡಿದರೆ ಅಲೆಯ ಎತ್ತರ ಎರಡರಷ್ಟಾಗುತ್ತದೆ. ಎಂದರೆ ೬ ಡೆಸಿಬೆಲ್ ಏರಿಕೆ. ಆಂಪ್ಲಿಫೈಯರಿನ ಮಿತಿಯನ್ನು ಅದು ದಾಟಿದರೆ ಅಲೆಯ ತಲೆ ಕತ್ತರಿಸಿಹೋಗಿ ಧ್ವನಿ ಒಡೆಯುತ್ತದೆ. ಇದನ್ನು ತಪ್ಪಿಸಲು ಡಿ.ಜೆ. ಹೊಸ ಹಾಡನ್ನು ಮಂದ್ರವಿಲ್ಲದೆ ಒಳಕ್ಕೆ ತಂದು, ತಕ್ಕ ಸಮಯದಲ್ಲಿ ಹಳೆಯದರ ಮಂದ್ರವನ್ನು ತೆಗೆದು ಹೊಸದರದನ್ನು ಕೊಡುತ್ತಾನೆ. ಸಭೆಯವರಿಗೆ ಹಾಡು ಬದಲಾದದ್ದು ತಿಳಿಯದಿರುವ ಗುಟ್ಟು ಬಹುಮಟ್ಟಿಗೆ ಇದರಲ್ಲಿದೆ.

ನಾಲ್ಕು ಚಾನೆಲ್ಲುಗಳು, ಬಣ್ಣಬಣ್ಣದ ಒತ್ತುಗುಂಡಿಗಳ ಸಾಲು, ನೂರು ಬಗೆಯ ಧ್ವನಿಚಮತ್ಕಾರಗಳು: ಇವುಗಳಿಗಾಗಿ ಮೊದಲ ವರ್ಷ ಹೆಚ್ಚಿನ ಹಣ ತೆರುವ ಅಗತ್ಯವಿಲ್ಲ.

ಯಂತ್ರವೇ ಲಯ ಕೂಡಿಸಿದರೆ?

ಈಗಿನ ತಂತ್ರಾಂಶಗಳಲ್ಲಿ 'ಸಿಂಕ್' ಎಂಬ ಗುಂಡಿಯುಂಟು. ಅದನ್ನು ಒತ್ತಿದರೆ ಎರಡು ಹಾಡುಗಳ ಗತಿ ತಾನಾಗಿ ಒಂದಾಗುತ್ತದೆ. ಹಾಗಿದ್ದಮೇಲೆ ಕಿವಿಯಿಂದ ಕೂಡಿಸಲು ಏಕೆ ಕಲಿಯಬೇಕೆಂಬ ಪ್ರಶ್ನೆ ಸಹಜ. ಯಂತ್ರವು ಹಾಡನ್ನು ಮೊದಲೇ ಪರೀಕ್ಷಿಸಿ, ಬಡಿತ ಬರುವ ಸ್ಥಳಗಳಲ್ಲಿ ಗೆರೆ ಎಳೆದುಕೊಂಡಿರುತ್ತದೆ. ಗಣಕಯಂತ್ರದ ಮದ್ದಳೆಯಿಂದ ರಚಿಸಿದ ಇಂದಿನ ನೃತ್ಯಗೀತೆಗಳಲ್ಲಿ ಬಡಿತಗಳ ಅಂತರ ಕಟ್ಟುನಿಟ್ಟಾಗಿ ಸಮವಾದುದರಿಂದ ಗೆರೆಗಳು ಸರಿಯಾಗಿ ಬೀಳುತ್ತವೆ. ಆದರೆ ೧೯೬೦-೭೦ರ ದಶಕಗಳ ನಮ್ಮ ಚಲನಚಿತ್ರಗೀತೆಗಳನ್ನು ತೆಗೆದುಕೊಳ್ಳಿ. ಅವು ವಾದ್ಯವೃಂದದವರು ಒಟ್ಟಿಗೆ ಕುಳಿತು ನುಡಿಸಿದವು. ಪಲ್ಲವಿಯಿಂದ ಚರಣಕ್ಕೆ ಹೋಗುವಾಗ ಗತಿ ಕೂದಲೆಳೆಯಷ್ಟು ಏರಿ ಇಳಿಯುತ್ತದೆ. ಸಮದೂರದ ಗೆರೆಗಳು ಅಲ್ಲಿ ದಾರಿ ತಪ್ಪುತ್ತವೆ. ಆಗ ನೆರವಿಗೆ ಬರುವುದು ಕಿವಿ ಮತ್ತು ಬೆರಳು ಮಾತ್ರ. ತಾಳ ಹಾಕಿ ಎಣಿಸುವುದನ್ನು ಬಲ್ಲ ಸಂಗೀತದ ವಿದ್ಯಾರ್ಥಿಗೆ ಈ ಅಭ್ಯಾಸ ಬೇಗ ಕೈವಶವಾಗುತ್ತದೆ. ಗತಿ ಒಂದಾದರೂ ಮೂರೆಣಿಕೆಯ ಹಾಡು ನಾಲ್ಕೆಣಿಕೆಯದರೊಡನೆ ಕೂಡದೆಂಬುದು ಅವನಿಗೆ ಹೇಳದೆಯೇ ತಿಳಿದಿರುತ್ತದೆ.

ಹೆಡ್‌ಫೋನ್, ಧ್ವನಿವರ್ಧಕ, ಕಿವಿ

ಹೆಡ್‌ಫೋನಿಗೆ ಜಿಪುಣತನ ಸಲ್ಲದು. ಕಿವಿಯನ್ನು ಸುತ್ತಲೂ ಮುಚ್ಚುವ, ಹಿಂಬದಿಯಲ್ಲಿ ತೂತುಗಳಿಲ್ಲದ ಮಾದರಿಯೇ ಬೇಕು. ಹೊರಗಿನ ಶಬ್ದ ಒಳಬಂದಷ್ಟೂ ಹೆಡ್‌ಫೋನಿನ ಧ್ವನಿಯನ್ನು ಏರಿಸಬೇಕಾಗುತ್ತದೆ. ಏರಿಸಿದಷ್ಟೂ ಕಿವಿಗೆ ಹಾನಿ. ಧ್ವನಿವರ್ಧಕದ ವಿಷಯದಲ್ಲಿ ಅವಸರ ಬೇಡ. ಮನೆಯಲ್ಲಿ ಈಗಾಗಲೇ ಇರುವ, ತಂತಿ ಸಿಕ್ಕಿಸಬಹುದಾದ ಯಾವುದಾದರೂ ಅಭ್ಯಾಸಕ್ಕೆ ನಡೆಯುತ್ತದೆ. ಅದನ್ನು ಹತ್ತಿರದಲ್ಲಿಟ್ಟುಕೊಳ್ಳುವುದು ಮುಖ್ಯ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೩ ಮೀಟರ್. ಹತ್ತು ಮೀಟರ್ ದೂರದ ಧ್ವನಿ ೨೯ ಮಿಲಿಸೆಕೆಂಡು ತಡವಾಗಿ ಬಂದು ಹೆಡ್‌ಫೋನಿನೊಡನೆ ಜಗಳವಾಡುತ್ತದೆ.

ಉಪಕರಣಗಳಲ್ಲೆಲ್ಲ ಬೆಲೆಯುಳ್ಳದ್ದೂ ಕೆಟ್ಟರೆ ಮತ್ತೆ ಕೊಳ್ಳಲಾಗದ್ದೂ ನಮ್ಮ ಕಿವಿಯೇ. ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕೂದಲು ಕಣಗಳು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯ ಸಲಹೆಯಂತೆ ೮೫ ಡೆಸಿಬೆಲ್ ಶಬ್ದವನ್ನು ದಿನಕ್ಕೆ ೮ ಗಂಟೆಗಳವರೆಗೆ ಸಹಿಸಬಹುದು. ಅಲ್ಲಿಂದ ಮುಂದೆ ಪ್ರತಿ ೩ ಡೆಸಿಬೆಲ್ ಏರಿಕೆಗೂ ಅವಧಿ ಅರ್ಧವಾಗುತ್ತದೆ. ೯೪ಕ್ಕೆ ಒಂದು ಗಂಟೆ, ೧೦೦ಕ್ಕೆ ಕೇವಲ ೧೫ ನಿಮಿಷ. ನೆರೆಯವರ ಕಿವಿಯನ್ನೂ ಮರೆಯುವಂತಿಲ್ಲ. ನಮ್ಮ ದೇಶದ ೨೦೦೦ದ ಶಬ್ದಮಾಲಿನ್ಯ ನಿಯಮಗಳು ವಸತಿಪ್ರದೇಶದಲ್ಲಿ ಹಗಲು ೫೫, ರಾತ್ರಿ ೪೫ ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ಸಾಮಾನ್ಯವಾಗಿ ನಿಷೇಧಿಸಿವೆ. ಲಯ ಕೂಡಿಸುವ ಅಭ್ಯಾಸಕ್ಕೆ ದೊಡ್ಡ ಶಬ್ದದ ಅವಶ್ಯಕತೆ ಎಳ್ಳಷ್ಟೂ ಇಲ್ಲ.

ಹಣದ ಹಂಚಿಕೆ

ಲ್ಯಾಪ್‌ಟಾಪ್ ಮೊದಲೇ ಇದೆಯೆಂದು ಭಾವಿಸಿದರೆ, ಕೂಡಿಟ್ಟ ನೂರು ರೂಪಾಯಿಯಲ್ಲಿ ಅರವತ್ತನ್ನು ಸೌಂಡ್ ಕಾರ್ಡ್ ಉಳ್ಳ ಎರಡು ಚಾನೆಲ್ಲಿನ ಕಂಟ್ರೋಲರಿಗೂ, ಮೂವತ್ತನ್ನು ಹೆಡ್‌ಫೋನಿಗೂ, ಉಳಿದ ಹತ್ತನ್ನು ಒಳ್ಳೆಯ ತಂತಿಗಳಿಗೂ ಇಡುವುದು ನಮ್ಮ ಸಲಹೆ. ಬಳಸಿದ ಯಂತ್ರವನ್ನು ಕೊಂಡರೆ ಹಣ ಇನ್ನೂ ಉಳಿದೀತು. ಆಗ ಮೂರು ಪರೀಕ್ಷೆಗಳನ್ನು ಮಾಡಬೇಕು. ಸರಿಗುಂಡಿಗಳನ್ನು ಮೇಲೆ ಕೆಳಗೆ ಸರಿಸುತ್ತ ಕೇಳಿದಾಗ ಚರಚರ ಸದ್ದು ಬಂದರೆ ಒಳಗೆ ಧೂಳು ಕೂತಿದೆ ಅಥವಾ ಸವೆದಿದೆ ಎಂದರ್ಥ. ತಂತಿ ಸಿಕ್ಕಿಸುವ ರಂಧ್ರಗಳನ್ನು ಅಲ್ಲಾಡಿಸಿ ನೋಡಿದಾಗ ಧ್ವನಿ ಕಡಿಯಬಾರದು. ಮೂರನೆಯದಾಗಿ, ನಮ್ಮ ಗಣಕಯಂತ್ರದ ಈಗಿನ ವ್ಯವಸ್ಥೆಗೆ ಆ ಹಳೆಯ ಮಾದರಿ ಹೊಂದುವುದೇ ಎಂಬುದನ್ನು ಜೋಡಿಸಿಯೇ ನೋಡಬೇಕು. ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಅದು ನಿರುಪಯೋಗಿ.

ಹೀಗೆ ಕೊಂಡ ಉಪಕರಣವನ್ನು ಮನೆಗೆ ತಂದ ದಿನ, ಗತಿಯಲ್ಲಿ ಒಂದೆರಡು ಬಡಿತಗಳ ಭೇದವಿರುವ ಎರಡು ಹಾಡುಗಳನ್ನು ಆರಿಸಿಕೊಂಡು, ಸಿಂಕ್ ಗುಂಡಿಯನ್ನು ಮುಟ್ಟದೆ, ಪರದೆಯ ಮೇಲಿನ ಅಂಕಿಗಳನ್ನು ಕಾಗದದಿಂದ ಮುಚ್ಚಿ, ಎರಡನ್ನೂ ಕಿವಿಯಿಂದಲೇ ಕೂಡಿಸಲು ಯತ್ನಿಸಿ. ಮೊದಲು ಹತ್ತು ಬಡಿತಗಳೊಳಗೆ ಹಾಡುಗಳು ಬೇರ್ಪಟ್ಟಾವು. ಅಭ್ಯಾಸವಾದಂತೆ ಅರ್ಧ ನಿಮಿಷ ನಿಂತಾವು, ಮುಂದೆ ಒಂದು ನಿಮಿಷ. ಅಷ್ಟಾದ ಮೇಲೆ ಇನ್ನೂ ಏನನ್ನು ಕೊಳ್ಳಬೇಕೆಂಬುದನ್ನು ನಿಮ್ಮ ಕಿವಿಯೇ ನಿಮಗೆ ತಿಳಿಸುತ್ತದೆ.